ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೊಂದು ವಿಡಿಯೊ ಕೋಣೆ ಕೊಡಿ: ಕೋಲಾರದಿಂದ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ
ಜೂನ್ 2021

ಮಾನ್ಯ ಆರೋಗ್ಯ ಸಚಿವರಿಗೆ, ಕೋಲಾರ ಜಿಲ್ಲಾಧಿಕಾರಿಗಳಿಗೆ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ನಮಸ್ಕಾರಗಳು.

ಈ ತಿಂಗಳ 14ರಿಂದ ನಮ್ಮ ಜಿಲ್ಲೆಯಲ್ಲಿ ಲಾಕ್‌ಡೌನ್ ಸಡಿಲವಾಗಿದೆ. ಶ್ರೀನಿವಾಸಪುರದ ಮಾವಿನ ಮಂಡಿಗಳ ಮುಂದೆ ಮತ್ತೆ ಲಾರಿಗಳ ಸಾಲು. ಎಲ್ಲರ ಬಾಯಲ್ಲೂ ಈಗ ಕೋವಿಡ್ ಮೂರನೇ ಅಲೆಯ ಮಾತು. ಮಕ್ಕಳ ವಾರ್ಡು, ಆಮ್ಲಜನಕ ಘಟಕ, ವೆಂಟಿಲೇಟರ್ ಎಂದು ತಯಾರಿ ನಡೆದಿದೆ, ನಡೆಯಲೇಬೇಕು. ಆ ತಯಾರಿಯ ಪಟ್ಟಿಗೆ ಇನ್ನೊಂದನ್ನು ಸೇರಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಕ್ಯಾನ್ಸರ್ ರೋಗಿಗಳಿಗೆಂದೇ ಒಂದು ವಿಡಿಯೊ ಸಮಾಲೋಚನೆಯ ಕೋಣೆ ಬೇಕು. ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು, ಒಂದು ದೊಡ್ಡ ಪರದೆ, ಮಧ್ಯದಲ್ಲಿ ಕೈಕೊಡದ ಇಂಟರ್‌ನೆಟ್, ತರಬೇತಿ ಪಡೆದ ಒಬ್ಬ ನರ್ಸ್, ಅಲ್ಲೇ ರಕ್ತಪರೀಕ್ಷೆ, ಅಲ್ಲೇ ಮಾತ್ರೆ. ವಾರಕ್ಕೆ ಒಂದು ದಿನ ನಡೆದರೂ ಸಾಕು. ಆ ಕಡೆ ಪರದೆಯಲ್ಲಿ ಬೆಂಗಳೂರಿನ ಕ್ಯಾನ್ಸರ್ ತಜ್ಞರು ಕೂತರೆ, ಈ ಕಡೆ ನಮ್ಮ ರೋಗಿ ಊರಿನಿಂದ ಆಟೊದಲ್ಲಿ ಬಂದು ಚೆಕಪ್ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು.

ನಾನು ಇದೇ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿ. ನನ್ನ ಅಮ್ಮನಿಗೆ ಬಾಯಿ ಕ್ಯಾನ್ಸರ್. 2019ರ ಕೊನೆಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅದಾದ ಮೇಲೆ ವಾರಕ್ಕೆ ಐದು ದಿನದಂತೆ ಆರು ವಾರ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಮೊದಲ ಎರಡು ವರ್ಷ ಈ ಕಾಯಿಲೆ ಮರುಕಳಿಸುವ ಭಯ ಹೆಚ್ಚು, ಚೆಕಪ್ ಯಾವುದನ್ನೂ ತಪ್ಪಿಸಬೇಡಿ ಎಂದು ಡಾಕ್ಟರು ಒತ್ತಿ ಹೇಳಿ ಕಳಿಸಿದ್ದರು. ಮುಂದಿನ ಚೆಕಪ್ಪಿಗೆ ಕೊಟ್ಟ ತಾರೀಖು 2020ರ ಮಾರ್ಚ್ ಕೊನೆಯ ವಾರದ್ದು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಮುಚ್ಚಿತು.

ಆ ದಿನಗಳ ಒಂದು ಸಂಗತಿ ನಿಮಗೆ ನೆನಪಿರಬಹುದು. ಕಳೆದ ವರ್ಷ ಮೇ ಆರಂಭದಲ್ಲಿ ಸೋಂಕು ಎಷ್ಟಿದೆ ಎಂದು ನೋಡಿ ಜಿಲ್ಲೆಗಳನ್ನು ಬಣ್ಣದ ವಲಯಗಳಾಗಿ ಹಂಚಿ ಕೇಂದ್ರ ಸರ್ಕಾರ ಹೊರಡಿಸಿದ ಪಟ್ಟಿಯಲ್ಲಿ ಕೋಲಾರ ಹಸಿರು ವಲಯದಲ್ಲಿತ್ತು, ಬೆಂಗಳೂರು ಕೆಂಪು ವಲಯದಲ್ಲಿ. ನಮ್ಮ ಜಿಲ್ಲೆಯಲ್ಲಿ ಒಂದೂ ಪ್ರಕರಣವಿಲ್ಲವೆಂದು ಜನ ನಿಟ್ಟುಸಿರು ಬಿಟ್ಟಿದ್ದರು. ನಮ್ಮ ಮನೆಯಲ್ಲಿ ಆ ನೆಮ್ಮದಿ ಇರಲಿಲ್ಲ, ಏಕೆಂದರೆ ಅಮ್ಮನ ಆಸ್ಪತ್ರೆ ಇದ್ದದ್ದು ಕೆಂಪು ವಲಯದಲ್ಲಿ. ಕೋಲಾರದ ಪಕ್ಕದಲ್ಲೇ ಇರುವ ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಬಾಯಿ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ನಡೆಯುತ್ತದೆ, ನಿಜ. ಆದರೂ ಮುಳಬಾಗಿಲಿನಿಂದ, ಬಂಗಾರಪೇಟೆಯಿಂದ, ಕೆಜಿಎಫ್‌ನಿಂದ ಎಷ್ಟೋ ಮಂದಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಅಲ್ಲಿನ ಬೇರೆ ಆಸ್ಪತ್ರೆಗೋ ಹೋಗಿ ಬರುವವರೇ. ಪ್ಯಾಸೆಂಜರ್ ರೈಲು ನಿಂತಿತು, ಬಸ್ಸು ನಿಂತಿತು, ಕಾರಿಗೆ ಪಾಸು ಬೇಕಾಯಿತು. ಹೇಗೋ ಹೋಗಿ ಬಂದವರನ್ನು ಊರವರು ಬೆಂಗಳೂರಿನಿಂದ ಬಂದವರು ಎಂದು ದೂರ ಇಟ್ಟರು. ಈ ವರ್ಷವೂ ಅಷ್ಟೇ: ಏಪ್ರಿಲ್ 7ರಿಂದ ಎರಡು ವಾರ ಸಾರಿಗೆ ನೌಕರರ ಮುಷ್ಕರ, ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ಏಪ್ರಿಲ್ 27ರ ಕರ್ಫ್ಯೂ, ಮೇ 10ರ ಲಾಕ್‌ಡೌನ್.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ ಎಂಬುದಕ್ಕೆ ಈಗ ದೇಶದ ಮಟ್ಟದ ಲೆಕ್ಕವೂ ಬಂದಿದೆ. ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ಗೆ ಸೇರಿದ 41 ಆಸ್ಪತ್ರೆಗಳಲ್ಲಿ 2020ರ ಮಾರ್ಚ್‌ನಿಂದ ಮೇ ವರೆಗಿನ ಮೂರು ತಿಂಗಳನ್ನು ಹಿಂದಿನ ವರ್ಷದ ಅದೇ ತಿಂಗಳುಗಳ ಜೊತೆ ಹೋಲಿಸಿದ್ದಾರೆ. ಲ್ಯಾನ್ಸೆಟ್ ಆಂಕಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಈಚೆಗೆ ಅದು ಪ್ರಕಟವಾಗಿದೆ. ಹೊಸ ರೋಗಿಗಳ ನೋಂದಣಿ ಶೇ 54ರಷ್ಟು ಇಳಿಯಿತು. ಮರುಭೇಟಿಗಳು ಶೇ 46ರಷ್ಟು, ದೊಡ್ಡ ಶಸ್ತ್ರಚಿಕಿತ್ಸೆಗಳು ಶೇ 49ರಷ್ಟು ಕಡಿಮೆಯಾದವು. ಕಾಯಿಲೆ ಲಾಕ್‌ಡೌನ್ ನೋಡಿ ನಿಲ್ಲುವುದಿಲ್ಲ. ಹಾಗಾಗಿ ಬಾರದೇ ಹೋದ ಆ ಅರ್ಧದಷ್ಟು ಜನ ಎಲ್ಲಿದ್ದಾರೆಂದು ಹುಡುಕಬೇಕಾದದ್ದು ನಮ್ಮಂಥ ತಾಲ್ಲೂಕುಗಳಲ್ಲಿ.

ಅಂಥ ಹೊತ್ತಿನಲ್ಲಿ ನಮಗೆ ಆಸರೆಯಾದದ್ದು ಫೋನು. ಅಮ್ಮನ ಡಾಕ್ಟರು ತಾವಾಗಿಯೇ ಕರೆ ಮಾಡಿಸಿದರು, ಬರಬೇಡಿ, ವಿಡಿಯೊದಲ್ಲಿ ನೋಡುತ್ತೇನೆ ಎಂದರು. ಆ ದಿನ ನಮಗಾದ ಸಮಾಧಾನವನ್ನು ನಾನು ಕಡೆಗಣಿಸುವವಳಲ್ಲ. ಆ ಕರೆ ಇಲ್ಲದಿದ್ದರೆ ತಿಂಗಳುಗಟ್ಟಲೆ ಅಮ್ಮನನ್ನು ಯಾರೂ ನೋಡುತ್ತಿರಲಿಲ್ಲ. ಆದರೆ ಆ ಕರೆಗಳಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ನಿಮಗೆ ಅದನ್ನೇ ಹೇಳಬೇಕಾಗಿದೆ.

ನೆಟ್‌ವರ್ಕ್ ಸಿಗುವುದು ನಮ್ಮ ಮನೆಯ ಮಹಡಿ ಮೆಟ್ಟಿಲ ಮೇಲೆ ಮಾತ್ರ. ಅಮ್ಮ ಮೇಲಿನಿಂದ ಮೂರನೇ ಮೆಟ್ಟಿಲ ಮೇಲೆ, ಬೆಳಕಿಗೆ ಮುಖ ಮಾಡಿ ಕೂರುತ್ತಾಳೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ತಮ್ಮನ ಫೋನಿನ ಟಾರ್ಚು ಹಿಡಿದು ನಾನು ಎದುರಿಗೆ. ಡಾಕ್ಟರು ಮೊದಲು ಕೇಳುವುದು, ಬಾಯಿ ಎಷ್ಟು ಬೆರಳು ತೆರೆಯುತ್ತದೆ ಎಂದು. ಅಮ್ಮ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ತೋರಿಸುತ್ತಾಳೆ. ಮೂರು ಹಿಡಿಸಬೇಕು. ಕರೆಂಟಿನ ಮೇಲೆ ದವಡೆ ಬಿಗಿದು ಎರಡಕ್ಕೆ ಇಳಿದಿತ್ತು. ವ್ಯಾಯಾಮ ಹೇಳಿಕೊಟ್ಟರು, ದಿನಕ್ಕೆ ಇಷ್ಟು ಸಲ ಎಂದು ಲೆಕ್ಕ ಕೊಟ್ಟರು. ಆಮೇಲೆ ಚಮಚದ ಹಿಡಿಯಿಂದ ಕೆನ್ನೆಯನ್ನು ಸರಿಸಿ ಹೊಲಿಗೆಯ ಜಾಗ ತೋರಿಸಿ ಎನ್ನುತ್ತಾರೆ. ಚಮಚ ಹಿಡಿದರೆ ಟಾರ್ಚು ತಪ್ಪುತ್ತದೆ, ಟಾರ್ಚು ಹಿಡಿದರೆ ಫೋನು ಅಲುಗುತ್ತದೆ. ಅಷ್ಟು ಹೊತ್ತಿಗೆ ಚಿತ್ರ ನಿಂತು ಮಾತು ಮಾತ್ರ ಬರುತ್ತದೆ. ಆದರೂ ಇಲ್ಲಿಯವರೆಗೆ ಎಲ್ಲವೂ ಫೋನಿನಲ್ಲಿ ಆಗುವ ಕೆಲಸವೇ, ಆಯಿತು ಕೂಡ.

ಮುಂದಿನದು ಆಗಲಿಲ್ಲ. ದವಡೆಯ ಕೆಳಗೆ, ಕುತ್ತಿಗೆಯ ಪಕ್ಕದಲ್ಲಿ ಬೆರಳಾಡಿಸಿ ನೋಡಿ, ಗಂಟು ಏನಾದರೂ ಕೈಗೆ ಸಿಗುತ್ತದೆಯೇ ಎಂದು ಕೇಳಿದರು. ಬಾಯಿ ಕ್ಯಾನ್ಸರ್ ಮರಳಿ ಬಂದರೆ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಕುತ್ತಿಗೆಯ ಗಂಟಿನಲ್ಲಿ. ಆಪರೇಷನ್ ಆಗಿ, ಕರೆಂಟು ಕೊಟ್ಟು, ಚರ್ಮ ತೊಗಲಿನಂತೆ ಬಿರುಸಾದ ಕುತ್ತಿಗೆ ಅದು. ನಾನು ಸಮಾಜ ವಿಜ್ಞಾನದ ಟೀಚರು. ಯಾವುದು ಹೊಲಿಗೆಯ ಗೆರೆ, ಯಾವುದು ಬಿಗಿದ ಸ್ನಾಯು, ಯಾವುದು ಗಂಟು ಎಂದು ನನ್ನ ಬೆರಳಿಗೆ ಹೇಗೆ ಗೊತ್ತಾಗಬೇಕು? ಏನೂ ಇಲ್ಲ ಅನ್ನಿಸುತ್ತದೆ ಸಾರ್ ಎಂದೆ. ಅನ್ನಿಸುತ್ತದೆ ಎಂಬ ಆ ಮಾತಿನ ಮೇಲೆ ಅಮ್ಮನ ಮುಂದಿನ ಮೂರು ತಿಂಗಳು ನಿಂತವು. ಡಾಕ್ಟರಿಗೂ ಬೇರೆ ದಾರಿ ಇರಲಿಲ್ಲ.

ಇದೇ ಜಾಗದಲ್ಲಿ, ಫೋನಿನ ಪಕ್ಕದಲ್ಲಿ, ಕಲಿತ ಒಂದು ಕೈ ಇದ್ದಿದ್ದರೆ? ಕುತ್ತಿಗೆ ಮುಟ್ಟಿ ನೋಡುವುದು, ಸ್ತನ ಮತ್ತು ಕಂಕುಳು ಮುಟ್ಟಿ ನೋಡುವುದು, ಬಾಯೊಳಗಿನ ಫೋಟೊ ಸರಿಯಾಗಿ ತೆಗೆಯುವುದು, ತೂಕ, ರಕ್ತದೊತ್ತಡ, ಕಾಲಿನ ಊತ ನೋಡುವುದು, ಇವೆಲ್ಲ ಒಬ್ಬ ಸ್ಟಾಫ್ ನರ್ಸ್ ಕಲಿಯಬಹುದಾದ ಕೆಲಸ. ಕಿದ್ವಾಯಿಯಂಥ ಸಂಸ್ಥೆಯಲ್ಲಿ ಕೆಲವು ವಾರ ಇಟ್ಟು ಕಲಿಸಿ ಕಳಿಸಿದರೆ ಅವರು ನಮ್ಮ ಇಡೀ ತಾಲ್ಲೂಕಿಗೆ ಆಸ್ತಿ. ಕಿದ್ವಾಯಿ 1973ರಿಂದ ಈ ರಾಜ್ಯದ ಬಡವರ ಕ್ಯಾನ್ಸರ್ ನೋಡುತ್ತಿರುವ ಸಂಸ್ಥೆ. ಅಲ್ಲಿನ ತಜ್ಞರ ಕಣ್ಣು ನಮ್ಮೂರಿನವರೆಗೆ ಬರಲು ಪರದೆ ಸಾಕು, ಕೈಯನ್ನು ಮಾತ್ರ ನೀವು ಇಲ್ಲಿ ಒದಗಿಸಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಲಾಕ್‌ಡೌನ್ ಶುರುವಾದ ದಿನವೇ, ಅಂದರೆ 2020ರ ಮಾರ್ಚ್ 25ರಂದು, ಕೇಂದ್ರ ಆರೋಗ್ಯ ಸಚಿವಾಲಯ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ನೋಂದಾಯಿತ ವೈದ್ಯರು ವಿಡಿಯೊ, ಫೋನು, ಸಂದೇಶ ಯಾವುದರಲ್ಲಾದರೂ ರೋಗಿಯನ್ನು ನೋಡಬಹುದು, ಔಷಧಿ ಬರೆಯಬಹುದು ಎಂದು ಅದು ಸ್ಪಷ್ಟ ಮಾಡಿತು. ರೋಗಿಯ ಪರವಾಗಿ ಮನೆಯವರು ಮಾತನಾಡುವುದಕ್ಕೆ ಅದರಲ್ಲಿ ಜಾಗವಿದೆ. ಆರೋಗ್ಯ ಕಾರ್ಯಕರ್ತೆಯೊಬ್ಬರು ರೋಗಿಯನ್ನು ಪರೀಕ್ಷಿಸಿ ದೂರದ ವೈದ್ಯರಿಗೆ ವಿವರ ಹೇಳುವ ವಿಧಾನವನ್ನಂತೂ ಪ್ರತ್ಯೇಕವಾಗಿಯೇ ಬರೆದಿದ್ದಾರೆ. ನಾನು ಕೇಳುತ್ತಿರುವುದು ಅದನ್ನೇ. ವೈದ್ಯರನ್ನು ವಿಡಿಯೊದಲ್ಲಿ ಕಾಣುವ ಸರ್ಕಾರದ ಸೇವೆ ಇ-ಸಂಜೀವಿನಿ ನಮ್ಮ ರಾಜ್ಯದಲ್ಲಿ ಚೆನ್ನಾಗಿ ಓಡುತ್ತಿದೆ, ಬಳಕೆಯಲ್ಲಿ ಕರ್ನಾಟಕ ಮುಂಚೂಣಿಯ ರಾಜ್ಯಗಳಲ್ಲೊಂದು. ಮನೆಯಿಂದಲೇ ಮಾತನಾಡುವ ಅದರ ಒಪಿಡಿ ಬಂದದ್ದು ಕಳೆದ ವರ್ಷ ಏಪ್ರಿಲ್‌ನಲ್ಲಿ. ಊರಿನ ಆರೋಗ್ಯ ಕೇಂದ್ರದಿಂದ ದೊಡ್ಡ ಆಸ್ಪತ್ರೆಯ ವೈದ್ಯರಿಗೆ ಸಂಪರ್ಕ ಕೊಡುವ ಭಾಗ ಅದಕ್ಕೂ ಮೊದಲು, 2019ರ ನವೆಂಬರಿನಿಂದಲೇ ಇದೆ. ಅಷ್ಟೇಕೆ, ಎರಡು ದಶಕದ ಹಿಂದೆಯೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೆ ಬೆಂಗಳೂರಿನ ಹೃದಯ ತಜ್ಞರನ್ನು ಮುಟ್ಟಿಸಿದ ರಾಜ್ಯ ನಮ್ಮದು. ಹೃದಯಕ್ಕೆ ಅಂದು ಸಾಧ್ಯವಾದದ್ದು ಕ್ಯಾನ್ಸರಿಗೆ ಇಂದು ಏಕಾಗಬಾರದು?

ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಕೋಣೆ ಏಕೆ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಮೊಬೈಲ್ ಇರುವುದು ಮಗನ ಕೈಯಲ್ಲಿ, ಮಗ ಇರುವುದು ನರಸಾಪುರದ ಫ್ಯಾಕ್ಟರಿಯಲ್ಲಿ. ಮನೆಯಲ್ಲಿ ಉಳಿಯುವುದು ಬಟನ್ ಫೋನು. ಕಳೆದ ವರ್ಷದಿಂದ ಆ ಒಂದು ಸ್ಮಾರ್ಟ್‌ಫೋನಿಗೆ ಮಕ್ಕಳ ಆನ್‌ಲೈನ್ ಪಾಠವೂ ಸೇರಿಕೊಂಡಿದೆ, ಅದನ್ನು ನಾನು ದಿನವೂ ನೋಡುತ್ತೇನೆ. ನಮ್ಮ ಗಡಿಯ ಊರುಗಳಲ್ಲಿ ಎಷ್ಟೋ ಅಜ್ಜಿಯರು ಮನೆಯಲ್ಲಿ ಆಡುವುದು ತೆಲುಗು. ನೋವು ಎಂಥದ್ದು, ಉರಿಯೋ, ಚುಚ್ಚೋ, ಹಿಂಡೋ ಎಂದು ಹೇಳಲು ಅವರಿಗೆ ಮನೆಮಾತೇ ಬೇಕು. ಪಕ್ಕದಲ್ಲಿ ಊರಿನ ನರ್ಸ್ ಇದ್ದರೆ ಆ ತೊಡಕೂ ಇಲ್ಲ.

ಇನ್ನು ಹೆಣ್ಣುಮಕ್ಕಳ ಮಾತು. ಇದನ್ನು ಬಿಡಿಸಿಯೇ ಹೇಳುತ್ತೇನೆ. ನನಗೆ ಗೊತ್ತಿರುವ ಒಬ್ಬಾಕೆಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ದಿನಕ್ಕೊಂದು ಹಾರ್ಮೋನ್ ಮಾತ್ರೆಯನ್ನು ಐದು ವರ್ಷ ನುಂಗಬೇಕು. ಇಂಥವರಿಗೆ ಪ್ರತಿ ಸಲ ಬೆಂಗಳೂರಿಗೆ ಹೋಗುವ ಅಗತ್ಯವೇ ಇಲ್ಲ, ವಿಡಿಯೊ ಚೆಕಪ್ಪಿಗೆ ಹೇಳಿ ಮಾಡಿಸಿದಂಥ ರೋಗಿ. ಆದರೆ ಆಕೆಯದು ಒಂದೇ ಕೋಣೆಯ ಮನೆ. ಮಾವ ಬಾಗಿಲಲ್ಲಿ ಕೂತಿರುತ್ತಾರೆ, ಫೋನು ಹಿಡಿಯುವವನು ಮೈದುನ. ಡಾಕ್ಟರು ಗಾಯದ ಜಾಗ ತೋರಿಸಮ್ಮ ಎಂದರೆ ಆಕೆ ಎಲ್ಲಿ ತೋರಿಸಬೇಕು? ಎಲ್ಲ ಚೆನ್ನಾಗಿದೆ ಸಾರ್ ಎಂದು ಕರೆ ಮುಗಿಸಿದ್ದಾಳೆ. ಮಾತ್ರೆಯಿಂದ ಬರುವ ಬಿಸಿ, ಬಿಳಿಸೆರಗು, ರಕ್ತಸ್ರಾವ, ಇವನ್ನು ಮೈದುನನ ಮುಂದೆ ಬಾಯಿಬಿಟ್ಟು ಹೇಳುವ ಹೆಂಗಸು ನಮ್ಮ ಊರುಗಳಲ್ಲಿ ಯಾರಿದ್ದಾರೆ? ಅದರಲ್ಲೂ ಈ ಹಾರ್ಮೋನ್ ಮಾತ್ರೆಗಳಲ್ಲೊಂದಾದ ಟಮಾಕ್ಸಿಫೆನ್ ನುಂಗುವವರು ರಕ್ತಸ್ರಾವವಾದರೆ ಕೂಡಲೇ ಹೇಳಲೇಬೇಕು, ಗರ್ಭಕೋಶದ ಒಳಪದರಕ್ಕೆ ಅದರಿಂದ ತೊಂದರೆಯಾಗುವ ಸಂಭವವಿದೆ. ನಾನು ಚಿಲಕ ಇರುವ ಬಾಗಿಲು ಕೇಳಿದ್ದು ಅದಕ್ಕೇ. ಹೆಣ್ಣು ನರ್ಸ್ ಬೇಕು ಎನ್ನುವುದೂ ಅದಕ್ಕೇ.

ಯಾವುದು ಪರದೆಯಲ್ಲಿ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದರಲ್ಲಿ ಗೊಂದಲ ಬೇಡ. ಬಯಾಪ್ಸಿ, ಆಪರೇಷನ್, ಕರೆಂಟು, ರಕ್ತನಾಳಕ್ಕೆ ಹಾಕುವ ಕಿಮೋ ಇವಕ್ಕೆ ಆಸ್ಪತ್ರೆಗೆ ಹೋಗಲೇಬೇಕು, ಎಂಥ ಸಾಂಕ್ರಾಮಿಕವಿದ್ದರೂ ಆ ದಾರಿಯನ್ನು ಮುಚ್ಚಬಾರದು. ಆದರೆ ಕಿಮೋಗೆ ಮುನ್ನ ರಕ್ತಕಣಗಳ ಸಂಖ್ಯೆ ಸರಿ ಇದೆಯೇ ಎಂದು ನೋಡುವುದನ್ನು ಗಮನಿಸಿ. ನಮ್ಮವರು ಬೆಳಗಿನ ಜಾವ ಎದ್ದು ನೂರು ಕಿಲೋಮೀಟರ್ ಆಸುಪಾಸು ಪ್ರಯಾಣ ಮಾಡಿ, ರಕ್ತ ಕೊಟ್ಟು, ಮಧ್ಯಾಹ್ನ ರಿಪೋರ್ಟ್ ಬಂದ ಮೇಲೆ, ಕೌಂಟ್ ಕಡಿಮೆ ಇದೆ, ಮುಂದಿನ ವಾರ ಬನ್ನಿ ಎನ್ನಿಸಿಕೊಂಡು ವಾಪಸ್ಸಾಗುತ್ತಾರೆ. ಅದೇ ರಕ್ತಪರೀಕ್ಷೆ ಹಿಂದಿನ ದಿನ ಶ್ರೀನಿವಾಸಪುರದಲ್ಲೇ ಆಗಿ, ವರದಿ ಡಾಕ್ಟರ ಪರದೆಗೆ ಹೋಗಿದ್ದರೆ ಆ ಪ್ರಯಾಣ ಉಳಿಯುತ್ತಿತ್ತು, ಕೂಲಿಯೂ ಉಳಿಯುತ್ತಿತ್ತು, ಸೋಂಕಿನ ಭಯವೂ ಇರುತ್ತಿರಲಿಲ್ಲ. ಕುತ್ತಿಗೆಗೆ ಕರೆಂಟು ಪಡೆದವರಿಗೆ ಥೈರಾಯ್ಡ್ ಕುಗ್ಗುವ ಸಂಭವವಿರುವುದರಿಂದ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಥೈರಾಯ್ಡಿನ ರಕ್ತಪರೀಕ್ಷೆಯಾದ ಟಿಎಸ್‌ಎಚ್ ನೋಡಬೇಕು. ಅದಕ್ಕೂ ಬೆಂಗಳೂರು ಬೇಕಿಲ್ಲ.

ಮಾತ್ರೆಗಳ ವಿಷಯದಲ್ಲಿ ಒಂದು ಪ್ರಸಂಗ ನೆನಪಿಸುತ್ತೇನೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೆಡ್ ಕಾನ್ಸ್‌ಟೇಬಲ್ ಒಬ್ಬರು ಕ್ಯಾನ್ಸರ್ ರೋಗಿಯೊಬ್ಬರಿಗೆ ಔಷಧಿ ಮುಟ್ಟಿಸಲು ಸ್ಕೂಟರ್ ಹತ್ತಿ ಧಾರವಾಡದವರೆಗೆ, ಸುಮಾರು 430 ಕಿಲೋಮೀಟರ್, ಹೋಗಿ ಬಂದರು. ಪತ್ರಿಕೆಯಲ್ಲಿ ಓದಿ ಅಮ್ಮ ಕಣ್ಣೀರು ಹಾಕಿದಳು. ಅವರಿಗೆ ಕೈಮುಗಿಯುತ್ತೇನೆ. ಆದರೆ ಒಬ್ಬ ರೋಗಿಯ ಔಷಧಿ ಒಬ್ಬ ಪುಣ್ಯಾತ್ಮನ ಸ್ಕೂಟರನ್ನು ಕಾಯುವ ಸ್ಥಿತಿ ಬರಬಾರದಿತ್ತು. ಲಾಕ್‌ಡೌನಿನಲ್ಲಿ ಅಂಚೆ ಇಲಾಖೆ ದೇಶದಾದ್ಯಂತ ಔಷಧಿ ಸಾಗಿಸಿತು. ಆ ಏರ್ಪಾಡನ್ನು ಕ್ಯಾನ್ಸರ್ ಮಾತ್ರೆಗಳ ಮಟ್ಟಿಗೆ ಕಾಯಂ ಮಾಡಿ. ಬೆಂಗಳೂರಿನಲ್ಲಿ ಬರೆದ ಚೀಟಿಗೆ ತಾಲ್ಲೂಕು ಆಸ್ಪತ್ರೆಯ ಕೌಂಟರಿನಲ್ಲಿ ಮಾತ್ರೆ ಸಿಗಲಿ.

ಜ್ವರದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಕಿಮೋ ಹಾಕಿಸಿಕೊಂಡ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ ಬಂದರೆ ಅದು ತುರ್ತು. ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಶುರುವಾಗಬೇಕು ಎನ್ನುತ್ತಾರೆ ತಜ್ಞರು. ಈ ಎರಡನೇ ಅಲೆಯಲ್ಲಿ ಜ್ವರ ಎಂದರೆ ಎಲ್ಲರಿಗೂ ಹೊಳೆಯುವುದು ಕೋವಿಡ್ ಒಂದೇ. ನಮ್ಮ ಪಕ್ಕದ ಬೀದಿಯ ಹುಡುಗಿಗೆ ಮೂರನೇ ಕಿಮೋ ಆದ ಮೇಲೆ ರಾತ್ರಿ ಜ್ವರ ಬಂತು. ಹೋದ ಕಡೆಯಲ್ಲೆಲ್ಲ ಮೊದಲು ಗಂಟಲ ದ್ರವ ಕೊಡಿ, ರಿಪೋರ್ಟ್ ಬರಲಿ ಎಂದರು. ಆ ವೈದ್ಯರನ್ನು ದೂರುತ್ತಿಲ್ಲ, ಅವರೆದುರು ಹಾಸಿಗೆಗಾಗಿ ಕಾದವರ ಸಾಲಿತ್ತು. ಆಂಟಿಬಯೋಟಿಕ್ ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಹುಡುಗಿ ಬದುಕಿದಳು. ಆ ರಾತ್ರಿ ಆಕೆಯ ಗಂಡನ ಬಳಿ ಒಂದು ಚೀಟಿ ಇದ್ದಿದ್ದರೆ, ಇವರಿಗೆ ಕಿಮೋ ನಡೆಯುತ್ತಿದೆ, ಜ್ವರ ಬಂದರೆ ರಿಪೋರ್ಟಿಗೆ ಕಾಯದೆ ಇಂಥ ಚುಚ್ಚುಮದ್ದು ಶುರು ಮಾಡಿ, ಸಂದೇಹವಿದ್ದರೆ ಈ ನಂಬರಿಗೆ ಕರೆ ಮಾಡಿ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ಕಾರ್ಡು, ಅಷ್ಟು ಹೊತ್ತಿನ ಅಲೆದಾಟ ತಪ್ಪುತ್ತಿತ್ತು. 104 ಸಹಾಯವಾಣಿ ಇದೆ, ಕಳೆದ ವರ್ಷ ಕೋವಿಡ್‌ಗೆಂದು ಆಪ್ತಮಿತ್ರ 14410 ಬಂತು. ಕಿಮೋ ರೋಗಿಯ ಕರೆಯನ್ನು ನೇರವಾಗಿ ಕರ್ತವ್ಯದಲ್ಲಿರುವ ಕ್ಯಾನ್ಸರ್ ವೈದ್ಯರಿಗೆ ದಾಟಿಸುವ ಏರ್ಪಾಡು ಅದೇ ಸಾಲುಗಳಲ್ಲಿ ಮಾಡಬಹುದು. ಇಡೀ ಪತ್ರದಲ್ಲಿ ಹಣ ಕಡಿಮೆ ಬೇಡುವ, ಜೀವ ಹೆಚ್ಚು ಉಳಿಸುವ ಕೆಲಸ ಈ ಕಾರ್ಡು ಎಂದು ನನ್ನ ಭಾವನೆ.

ಈಗ ನೋವಿನ ಮಾತು. ಕೊನೆಯ ಹಂತದ ಕ್ಯಾನ್ಸರಿನ ನೋವನ್ನು ಪಕ್ಕದಲ್ಲಿ ಕೂತು ನೋಡಿದವರಿಗೆ ಇದು ಅರ್ಥವಾಗುತ್ತದೆ. ನಮ್ಮ ಊರಿನ ಹಿರಿಯರೊಬ್ಬರು ಈ ಮೇ ತಿಂಗಳಲ್ಲಿ ತೀರಿಕೊಂಡರು. ಹೊಟ್ಟೆಯ ಕ್ಯಾನ್ಸರ್, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಕೊನೆಯ ವಾರಗಳಲ್ಲಿ ಅವರ ಕೂಗು ಬೀದಿಗೆ ಕೇಳುತ್ತಿತ್ತು. ಮಗ ವಿಡಿಯೊ ಕರೆ ಮಾಡಿ ಡಾಕ್ಟರಿಗೆ ತೋರಿಸಿದ. ಡಾಕ್ಟರು ಕಂಡರು, ಮರುಗಿದರು, ಆದರೆ ಇಂಥ ತೀವ್ರ ನೋವಿಗೆ ಕೊಡುವ ಮಾರ್ಫಿನ್ ಬರೆಯಲು ಅವರಿಗೆ ಅಧಿಕಾರವಿರಲಿಲ್ಲ. ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿರುವ ಯಾವ ಔಷಧಿಯನ್ನೂ ಟೆಲಿಮೆಡಿಸಿನ್ ಮೂಲಕ ಬರೆಯಕೂಡದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ದುರುಪಯೋಗ ತಡೆಯಲು ಮಾಡಿದ ನಿಯಮ, ಅದರ ಉದ್ದೇಶವನ್ನು ಪ್ರಶ್ನಿಸುವುದಿಲ್ಲ. ಆದರೆ ಬಸ್ಸಿಲ್ಲದ, ಪಾಸಿಲ್ಲದ ಲಾಕ್‌ಡೌನಿನಲ್ಲಿ ಮಾತ್ರೆಗಾಗಿ ಬೆಂಗಳೂರಿಗೇ ಬರಬೇಕು ಎಂದರೆ ಆ ಮನುಷ್ಯ ನೋವಿನಲ್ಲೇ ಸಾಯಬೇಕು ಎಂದೇ ಅರ್ಥವಾಯಿತು, ಹಾಗೆಯೇ ಆಯಿತು.

ನಿಯಮ ಬದಲಾಗಲಿ ಎಂದು ಕಾಯದೆಯೂ ಇದಕ್ಕೆ ದಾರಿ ಇದೆ. 1985ರ ಆ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದು, ಮಾರ್ಫಿನ್ ಸೇರಿ ಆರು ಔಷಧಿಗಳನ್ನು ಅಗತ್ಯ ಮಾದಕ ಔಷಧಿಗಳೆಂದು ಬೇರೆ ಮಾಡಿದರು. ಹಲವು ಪರವಾನಗಿಗಳ ಬದಲು ಮಾನ್ಯತೆ ಪಡೆದ ಆಸ್ಪತ್ರೆ ಇವನ್ನು ಇಟ್ಟುಕೊಂಡು ಕೊಡಬಹುದು. ಹಾಗಾಗಿ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲೂ ತಾಲ್ಲೂಕು ಆಸ್ಪತ್ರೆಗಳಲ್ಲೂ ನೋವಿನ ಚಿಕಿತ್ಸೆಯಲ್ಲಿ ತರಬೇತಾದ ಒಬ್ಬೊಬ್ಬ ವೈದ್ಯರಿರಲಿ, ಮಾರ್ಫಿನ್ ಮಾತ್ರೆಯ ದಾಸ್ತಾನು ಎಂದೂ ಖಾಲಿಯಾಗದಿರಲಿ. ತಜ್ಞರು ಪರದೆಯಲ್ಲಿ ಸಲಹೆ ಕೊಟ್ಟರೆ, ರೋಗಿಯನ್ನು ಎದುರಿಗೆ ನೋಡುವ ನಮ್ಮ ವೈದ್ಯರೇ ಚೀಟಿ ಬರೆಯಬಹುದು. ಎಲ್ಲೆಲ್ಲಿ ಸಿಗುತ್ತದೆ ಎಂಬುದನ್ನು ಆಶಾ ಕಾರ್ಯಕರ್ತೆಯರಿಗೂ ತಿಳಿಸಿ. ಪಕ್ಕದ ಕೇರಳ 2008ರಲ್ಲೇ ನೋವು ತಗ್ಗಿಸುವ ಉಪಶಾಮಕ ಆರೈಕೆಗೆ ನೀತಿ ಮಾಡಿ ಮನೆಮನೆಗೆ ನರ್ಸ್‌ಗಳನ್ನು ಕಳಿಸುತ್ತಿದೆ. ನೋಡಿ ಕಲಿಯಲು ದೂರ ಹೋಗಬೇಕಿಲ್ಲ.

ಇಷ್ಟು ಹೇಳಿದ್ದು ಈಗಾಗಲೇ ರೋಗಿಗಳಾದವರ ಬಗ್ಗೆ. ಇನ್ನೂ ಗೊತ್ತೇ ಆಗದವರ ಮಾತು ಬೇರೆ. ನಮ್ಮ ಜಿಲ್ಲೆಯಲ್ಲಿ ಬಾಯಿ ಕ್ಯಾನ್ಸರ್ ಹೆಂಗಸರನ್ನು ಬಹಳವಾಗಿ ಕಾಡುತ್ತದೆ, ಟಮಕದ ವೈದ್ಯರು ಇದನ್ನು ಬಹಳ ವರ್ಷದಿಂದ ಬರೆಯುತ್ತಾ ಬಂದಿದ್ದಾರೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿಸಿ ಕೆನ್ನೆಯ ಒಳಗಿಟ್ಟುಕೊಂಡು ರಾತ್ರಿಯಿಡೀ ಮಲಗುವ ರೂಢಿ ನಮ್ಮ ಹೊಲಗದ್ದೆಗಳಲ್ಲಿ ದುಡಿಯುವ ಹೆಂಗಸರಲ್ಲಿದೆ. ನನ್ನ ಅಮ್ಮನಿಗೂ ಇತ್ತು, ಅವಳ ಅಮ್ಮನಿಗೂ ಇತ್ತು. ಹೊಟ್ಟೆ ಹಸಿವು ಮರೆಯಲು, ಹಲ್ಲುನೋವು ಮರೆಯಲು ಶುರುವಾಗಿ ಬಿಡಲಾಗದೆ ಉಳಿದ ಚಟ ಅದು. ಕೆನ್ನೆಯಲ್ಲಿ ಬಿಳಿ ಮಚ್ಚೆಯೋ ಕೆಂಪು ಮಚ್ಚೆಯೋ ಮೂಡಿ, ಎರಡು ಮೂರು ವಾರವಾದರೂ ಮಾಯದ ಹುಣ್ಣಾದರೆ ತಕ್ಷಣ ತೋರಿಸಬೇಕು. ಈ ಒಂದೂಕಾಲು ವರ್ಷದಲ್ಲಿ ಎಷ್ಟು ಹೆಂಗಸರು ಕೊರೊನಾ ಮುಗಿಯಲಿ ಎಂದು ಆ ಹುಣ್ಣನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಾರೋ! ಮಾಸ್ಕ್ ಬೇರೆ ಬಂತು, ಮುಖದ ಊತ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಾಯಿಯ ಹುಣ್ಣು ಫೋಟೊದಲ್ಲಿ ಕಾಣುವಂಥದ್ದು, ದೂರದ ತಜ್ಞರಿಗೆ ತೋರಿಸಲು ಇದಕ್ಕಿಂತ ಅನುಕೂಲದ ಕ್ಯಾನ್ಸರ್ ಇಲ್ಲ. ಆರೋಗ್ಯ ಕಾರ್ಯಕರ್ತೆಯರ ಕೈಗೆ ಮೊಬೈಲ್ ಕೊಟ್ಟು ಬಾಯಿಯ ಚಿತ್ರ ತೆಗೆಸಿ ತಜ್ಞರಿಗೆ ಕಳಿಸುವ ಪ್ರಯೋಗ ನಮ್ಮ ರಾಜ್ಯದಲ್ಲೇ ಹಿಂದೆ ನಡೆದಿದೆ. ಈಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಆಕ್ಸಿಮೀಟರ್ ಹಿಡಿದು ನೋಡುತ್ತಿದ್ದಾರೆ. ಸೋಂಕು ಇಳಿದಂತೆ, ಸುರಕ್ಷತೆಯ ಸಲಕರಣೆ ಕೊಟ್ಟು, ಗೌರವಧನದ ಜೊತೆ ಈ ಕೆಲಸಕ್ಕೆ ಬೇರೆ ಹಣ ಕೊಟ್ಟು, ಮೂವತ್ತು ದಾಟಿದ ಎಲ್ಲರ ಬಾಯಿ ಪರೀಕ್ಷೆಯನ್ನು ಮತ್ತೆ ಶುರು ಮಾಡಿಸಿ. ಅನುಮಾನ ಬಂದವರು ಮೊದಲು ಬರಬೇಕಾದದ್ದು ನಾನು ಕೇಳುತ್ತಿರುವ ಕೋಣೆಗೆ. ಅಲ್ಲಿಂದ ಬಯಾಪ್ಸಿಗೆ ತಾರೀಖು ಗೊತ್ತಾಗಿಯೇ ಅವರು ಮನೆಗೆ ಹೋಗಬೇಕು.

ಸಚಿವರೇ, ನೀವು ವೈದ್ಯರು, ಪಕ್ಕದ ಚಿಕ್ಕಬಳ್ಳಾಪುರದವರು. 2007ರವರೆಗೆ ನಾವೆಲ್ಲ ಒಂದೇ ಜಿಲ್ಲೆಯವರಾಗಿದ್ದೆವು. ಬೆಂಗಳೂರು ಹತ್ತಿರವಿದೆಯಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮ ಈ ಭಾಗಕ್ಕೆ ದೊಡ್ಡ ಆಸ್ಪತ್ರೆಗಳು ಬರುವುದು ತಡವಾಯಿತು ಎಂಬುದು ನಿಮಗೆ ಗೊತ್ತಿಲ್ಲದ್ದಲ್ಲ. ಹತ್ತಿರ ಎಂಬುದು ಬಸ್ಸು ಓಡುವ ದಿನದ ಮಾತು. ಕಿಮೋ ಹಾಕಿಸಿಕೊಂಡು ವಾಂತಿ ಮಾಡಿಕೊಳ್ಳುತ್ತಾ ಬರುವವರಿಗೆ ಕೋಲಾರದ ಎಪ್ಪತ್ತು ಕಿಲೋಮೀಟರೂ ಹತ್ತಿರವಲ್ಲ.

ಕೋಣೆಗೆ ಖರ್ಚಾಗುತ್ತದೆ, ನರ್ಸ್ ಹುದ್ದೆಗೆ ಮಂಜೂರಾತಿ ಬೇಕು, ಬೆಂಗಳೂರಿನ ತಜ್ಞರ ಸಮಯ ಹೊಂದಿಸಬೇಕು. ಇವೆಲ್ಲ ಒಂದು ಆದೇಶಕ್ಕೆ ಆಗುವುದಿಲ್ಲ ಎಂಬ ತಿಳಿವಳಿಕೆ ನನಗಿದೆ. ಅದಕ್ಕೆ ಮೊದಲು ಶ್ರೀನಿವಾಸಪುರ ಮತ್ತು ಮುಳಬಾಗಿಲಿನಲ್ಲಿ ಮಾತ್ರ ಶುರು ಮಾಡಿ ನೋಡಿ. ಎರಡೂ ಜಿಲ್ಲಾ ಕೇಂದ್ರದಿಂದ ಆಚೆ, ಗಡಿಯ ಕಡೆಯ ತಾಲ್ಲೂಕುಗಳು. ಆರು ತಿಂಗಳಲ್ಲಿ ಎಷ್ಟು ಜನ ಬಂದರು, ಎಷ್ಟು ಜನಕ್ಕೆ ಬೆಂಗಳೂರಿನ ಪ್ರಯಾಣ ತಪ್ಪಿತು, ಎಷ್ಟು ಜನರಲ್ಲಿ ಕಾಯಿಲೆ ಮರಳಿದ್ದು ಬೇಗ ತಿಳಿಯಿತು ಎಂದು ಲೆಕ್ಕ ಇಡಿಸಿ, ಆ ಲೆಕ್ಕವನ್ನು ಜನರ ಮುಂದಿಡಿ. ಜ್ವರದ ಕಾರ್ಡಿಗೆ ಮತ್ತು ಮಾರ್ಫಿನ್ ದಾಸ್ತಾನಿಗೆ ಮಾತ್ರ ಆರು ತಿಂಗಳು ಕಾಯಬೇಡಿ. ಅವೆರಡನ್ನೂ ಮುಂದಿನ ತಿಂಗಳೇ ಮಾಡಬಹುದು. ಜಿಲ್ಲಾಧಿಕಾರಿಗಳು ಮನಸ್ಸು ಮಾಡಿ, ರೋಗಿಗಳ ಮನೆಯವರನ್ನೂ ಟಮಕದ ವೈದ್ಯರನ್ನೂ ಒಂದು ಸಭೆಗೆ ಕರೆದರೆ ನಾನೂ ಬರುತ್ತೇನೆ, ನನ್ನಂತೆ ಫೋನು ಹಿಡಿದು ಕೂತ ಇನ್ನೂ ಹಲವರನ್ನು ಕರೆತರುತ್ತೇನೆ.

ಅಮ್ಮನ ಮುಂದಿನ ಚೆಕಪ್ ಆಗಸ್ಟ್‌ನಲ್ಲಿದೆ. ಅಷ್ಟರೊಳಗೆ ನಮ್ಮ ತಾಲ್ಲೂಕು ಆಸ್ಪತ್ರೆಯ ಸೂಚನಾ ಫಲಕದಲ್ಲಿ ಯಾವ ವಾರ, ಯಾವ ಹೊತ್ತಿಗೆ, ಯಾವ ಕೋಣೆ ಎಂದು ಬರೆದು ಹಾಕಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಶಿಕ್ಷಕಿ